ಪಹಣಿಯಲ್ಲಿ ಇಲ್ಲದ ಸಂಗಾತಿ

ಜಾತಿ, ಧರ್ಮದ ಹಂಗಿಲ್ಲದೆ ಮದುವೆಯಾಗಲು ಇರುವ ವಿಶೇಷ ವಿವಾಹ ಕಾಯ್ದೆಯ ಕೊನೆಯಲ್ಲಿ ಮದುವೆ ನೋಟಿಸಿನ ಒಂದು ನಮೂನೆ ಇದೆ. ಮದುವೆಯಾಗುವ ಇಬ್ಬರಿಗೆ ಎರಡು ಸಾಲು. ಹೆಸರು, ಸ್ಥಿತಿ, ಕಸುಬು, ವಯಸ್ಸು, ವಾಸ, ಅಲ್ಲಿ ಎಷ್ಟು ಕಾಲದಿಂದ ಇದ್ದೀರಿ ಎಂಬ ಕಾಲಂಗಳು. ಗಂಡೋ ಹೆಣ್ಣೋ ಎಂದು ಕೇಳುವ ಕಾಲಂ ಇಲ್ಲ. ಆದರೆ ‘ಸ್ಥಿತಿ’ ಎಂಬಲ್ಲಿ ಮೇಲಿನ ಸಾಲಿಗೆ ವಿಧುರ ಎಂದೂ ಕೆಳಗಿನ ಸಾಲಿಗೆ ವಿಧವೆ ಎಂದೂ ಅಚ್ಚಾಗಿದೆ. 1954ರಲ್ಲಿ ಅದನ್ನು ಬರೆದವರಿಗೆ ಬೇರೆ ಯೋಚನೆ ಬಂದಿರಲಿಕ್ಕಿಲ್ಲ. ಸಲಿಂಗ ಸಂಗಾತಿಗಳ ಮದುವೆಗೆ ಮಾನ್ಯತೆ ಕೋರಿ 2023ರ ಬೇಸಿಗೆಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹತ್ತು ದಿನ ನಡೆದ ವಾದ ಈ ಎರಡು ಸಾಲುಗಳಿಗೆ ಸಂಬಂಧಪಟ್ಟದ್ದು.

ಅರ್ಜಿದಾರರು ಹಿಡಿದ ಎಳೆ ಕಾಯ್ದೆಯ 4ನೇ ಸೆಕ್ಷನ್‌ನಲ್ಲೇ ಇತ್ತು. ಅದು ‘ಯಾವುದೇ ಇಬ್ಬರು ವ್ಯಕ್ತಿಗಳ ನಡುವೆ’ ಮದುವೆ ನಡೆಯಬಹುದು ಎಂದು ಶುರುವಾಗುತ್ತದೆ. ಗಂಡು, ಹೆಣ್ಣು ಎಂಬ ಮಾತು ಬರುವುದು ಅದರಡಿಯ ಷರತ್ತುಗಳಲ್ಲಿ: ಗಂಡಿಗೆ 21 ತುಂಬಿರಬೇಕು, ಹೆಣ್ಣಿಗೆ 18. ಹಾಗಾದರೆ ‘ಗಂಡು’, ‘ಹೆಣ್ಣು’ ಎಂಬಲ್ಲಿ ‘ವ್ಯಕ್ತಿ’ ಎಂದೂ, ‘ಗಂಡ’, ‘ಹೆಂಡತಿ’ ಎಂಬಲ್ಲಿ ‘ಸಂಗಾತಿ’ ಎಂದೂ ಓದಿಕೊಳ್ಳಿ, ಹೊಸ ಕಾನೂನು ಬೇಕಿಲ್ಲ ಎಂಬುದು ಬೇಡಿಕೆ. ಕೇಳಲು ಸುಲಭ. ಕೇಂದ್ರದ ಪರ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ, ಹೀಗೆ ಓದಹೊರಟರೆ 160 ಕಡೆ ತಿದ್ದಬೇಕಾಗುತ್ತದೆ ಎಂದರು. ಆ ಲೆಕ್ಕವನ್ನು ಒಪ್ಪಬಹುದು, ಬಿಡಬಹುದು; ಕಾಯ್ದೆಯೊಳಗೇ ತೊಡಕಿರುವುದು ನಿಜ. ನಿಷಿದ್ಧ ಸಂಬಂಧಗಳ ಪಟ್ಟಿ ಎರಡು ಭಾಗದಲ್ಲಿದೆ, ಗಂಡಿಗೆ 37, ಹೆಣ್ಣಿಗೆ 37. ವಿಚ್ಛೇದನಕ್ಕೆ ಹೆಂಡತಿಗೆ ಮಾತ್ರ ಇರುವ ಕಾರಣಗಳು 27ನೇ ಸೆಕ್ಷನ್‌ನಲ್ಲಿವೆ. ಜೀವನಾಂಶ ಕೇಳುವ ಹಕ್ಕು 36 ಮತ್ತು 37ನೇ ಸೆಕ್ಷನ್‌ಗಳಲ್ಲಿ ಹೆಂಡತಿಗೆ ಮಾತ್ರ. ಇಬ್ಬರು ಹೆಂಗಸರ ಮದುವೆಯಲ್ಲಿ ಈ ‘ಹೆಂಡತಿ’ ಯಾರು? ಇಬ್ಬರೂ ಎನ್ನಬಹುದು. ಇಬ್ಬರು ಗಂಡಸರಲ್ಲಿ? ಕೇಸು ಜಾರಿದ್ದು ಇಲ್ಲೇ.

ಇನ್ನೊಂದು ತೊಡಕನ್ನು ಪೀಠವೇ ಮೊದಲ ದಿನ ತಂದಿಟ್ಟಿತು. ಹಿಂದೂ ವಿವಾಹ ಕಾಯ್ದೆ ಮೊದಲಾದ ವೈಯಕ್ತಿಕ ಕಾನೂನುಗಳ ಗೊಡವೆಗೆ ಹೋಗುವುದಿಲ್ಲ, ವಿಶೇಷ ವಿವಾಹ ಕಾಯ್ದೆಯೊಂದನ್ನೇ ನೋಡುತ್ತೇವೆ ಎಂದಿತು. ವಾದವನ್ನು ಚಿಕ್ಕದು ಮಾಡುವ ಜಾಣತನ ಅದರಲ್ಲಿ ಕಾಣುತ್ತದೆ. ಆದರೆ ಬೇರು ಬಿಟ್ಟು ಕೊಂಬೆ ಹಿಡಿದಂತಾಯಿತು. ಯಾಕೆಂದರೆ ಇದೇ ಕಾಯ್ದೆಯ 21ಎ ಸೆಕ್ಷನ್, ಮದುವೆಯಾದವರಿಬ್ಬರೂ ಹಿಂದೂಗಳಾದರೆ ಅವರ ಉತ್ತರಾಧಿಕಾರವನ್ನು ಹಿಂದೂ ಕಾನೂನಿಗೇ ಮರಳಿಸುತ್ತದೆ. ವೈಯಕ್ತಿಕ ಕಾನೂನನ್ನು ಮುಟ್ಟದೆ ಈ ಕಾಯ್ದೆಯನ್ನು ಬಿಡಿಸಲು ಬರುವುದಿಲ್ಲ. ಮುಂದೆ ಬಹುಮತದ ತೀರ್ಪು ಅದನ್ನೇ ತನ್ನ ಕಾರಣಗಳಲ್ಲಿ ಒಂದಾಗಿ ಬಳಸಿಕೊಂಡಿತು.

ಈ ಹಂತಕ್ಕೆ ಬರುವ ದಾರಿ ಸಣ್ಣದೇನಲ್ಲ. ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಸೆಕ್ಷನ್‌ನ ಹಲ್ಲು ಕಿತ್ತಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಮತ್ತೆ ಹಲ್ಲು ಕಟ್ಟಿಸಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಐವರು ಒಮ್ಮತದಿಂದ, ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದರು. ನಡುವೆ 2017ರ ಆಗಸ್ಟ್ 24ರ ಖಾಸಗಿತನದ ತೀರ್ಪು ಬಂತು. ಅದಕ್ಕೆ ಹೆಸರು ಕೊಟ್ಟ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ವಿರುದ್ಧ ಹೂಡಿದ ದಾವೆ ಮಲಗುವ ಕೋಣೆಯ ಸ್ವಾತಂತ್ರ್ಯಕ್ಕೂ ಬುನಾದಿಯಾಯಿತು. 2022ರ ಆಗಸ್ಟ್ 16ರ ಇನ್ನೊಂದು ತೀರ್ಪನ್ನು ಕೊಡಗಿನವರು ನೆನೆಯಬೇಕು. ದೀಪಿಕಾ ಸಿಂಗ್ ಪ್ರಕರಣದಲ್ಲಿ ವಿಷಯವಿದ್ದದ್ದು ಚಂಡೀಗಢದ ನರ್ಸ್ ಒಬ್ಬರ ಹೆರಿಗೆ ರಜೆ. ಅದರಲ್ಲಿ ಪೀಠ, ಕುಟುಂಬ ಎಂದರೆ ಅಪ್ಪ ಅಮ್ಮ ಮಕ್ಕಳು ಮಾತ್ರವಲ್ಲ, ಮದುವೆಯಾಗದೆ ಕೂಡಿಬಾಳುವವರೂ ಸಲಿಂಗ ಸಂಗಾತಿಗಳೂ ಕುಟುಂಬವೇ, ಕಾನೂನಿನ ರಕ್ಷಣೆ ಅವರಿಗೂ ಸಲ್ಲಬೇಕು ಎಂದಿತು. ಆ ಪೀಠದಲ್ಲಿ ಇದ್ದವರು ಇಬ್ಬರು: ಡಿ.ವೈ. ಚಂದ್ರಚೂಡ್ ಮತ್ತು ಕೊಡಗಿನವರೇ ಆದ ಎ.ಎಸ್. ಬೋಪಣ್ಣ.

ಅದಾದ ಮೂರು ತಿಂಗಳಿಗೆ, 2022ರ ನವೆಂಬರ್ 25ರಂದು, ಮದುವೆಯ ಹಕ್ಕು ಕೇಳಿದ ಅರ್ಜಿಗಳಿಗೆ ನೋಟಿಸ್ ಹೊರಟಿತು. ಜನವರಿಯಲ್ಲಿ ಹೈಕೋರ್ಟುಗಳಲ್ಲಿದ್ದ ಅರ್ಜಿಗಳೆಲ್ಲ ದೆಹಲಿಗೆ ಬಂದವು, ಮಾರ್ಚ್ 13ಕ್ಕೆ ಸಂವಿಧಾನ ಪೀಠಕ್ಕೆ ಹೋದವು, ಏಪ್ರಿಲ್ 18ರಿಂದ ಮೇ 11ರವರೆಗೆ ವಿಚಾರಣೆ ನೇರಪ್ರಸಾರವಾಯಿತು. ಅರ್ಜಿ ಹಾಕಿದ ಐದೇ ತಿಂಗಳಿಗೆ ಐವರ ಪೀಠದ ಮುಂದೆ ವಾದ! ಅಷ್ಟು ಬೇಗ ಹೋದದ್ದು ಒಳ್ಳೆಯದಾಯಿತೇ ಎಂಬ ಜಿಜ್ಞಾಸೆ ವಕೀಲರಲ್ಲಿ ಇಂದಿಗೂ ಇದೆ. ಹೈಕೋರ್ಟುಗಳಲ್ಲಿ ಪಿಂಚಣಿ, ಆಸ್ಪತ್ರೆ, ವಿಮೆ ಎಂದು ಒಂದೊಂದೇ ಹಕ್ಕು ಗೆದ್ದು, ಆಮೇಲೆ ಮದುವೆ ಕೇಳಿದ್ದರೆ ಕೋರ್ಟಿನ ಮುಂದೆ ಸಾಕ್ಷ್ಯವೇ ರಾಶಿ ಇರುತ್ತಿತ್ತು ಎನ್ನುವವರ ಮಾತು ನನಗೆ ಸರಿಯೆನಿಸುತ್ತದೆ.

ಕೇಂದ್ರ ಸರ್ಕಾರ ತನ್ನ ಲಿಖಿತ ಹೇಳಿಕೆಯಲ್ಲಿ ಇದನ್ನು ನಗರದ ಮೇಲ್ವರ್ಗದವರ ಬೇಡಿಕೆ ಎಂದು ಕರೆದಿತ್ತು. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಕೂತು ಆ ಸಾಲು ಓದಿದರೆ ಬೇರೆಯೇ ರೀತಿ ಕೇಳಿಸುತ್ತದೆ. ನಗರದಲ್ಲಿ ಬಾಡಿಗೆ ಮನೆ, ಸಂಬಳ, ಹೆಸರಿಲ್ಲದ ಗುಂಪಿನಲ್ಲಿ ಕರಗಿಹೋಗುವ ಸೌಕರ್ಯ ಇವೆ. ಕೊಡಗಿನಲ್ಲಿ ಮನುಷ್ಯನ ಗುರುತು ಶುರುವಾಗುವುದೇ ಮನೆತನದ ಹೆಸರಿನಿಂದ. ತೋಟ ಒಕ್ಕದ್ದು (ಒಂದೇ ಮೂಲದ ಮನೆತನದ್ದು), ಐನ್‌ಮನೆ ಎಂಬ ಮೂಲಮನೆ ಒಕ್ಕದ್ದು, ಕೈಲ್‌ಪೊಳ್ದ್ ಹಬ್ಬಕ್ಕೆ ಯಾರು ಎಲ್ಲಿ ನಿಲ್ಲಬೇಕು ಎಂಬುದೂ ಒಕ್ಕದ್ದು. ಮದುವೆ ಇಲ್ಲಿ ಇಬ್ಬರ ಮಾತಲ್ಲ. ಕೊಡವ ಮದುವೆಯ ‘ಸಮ್ಮಂದ’ದಲ್ಲಿ ಎರಡೂ ಮನೆತನಗಳ ಪರವಾಗಿ ಮಾತಾಡುವ ಅರುವರು ಎದುರುಬದುರು ನಿಂತು, ಕಲ್ಲಿನ ಹರಳುಗಳನ್ನು ಕೈಯಿಂದ ಕೈಗೆ ದಾಟಿಸಿ, ಹೆಣ್ಣಿಗೆ ಹೊಸ ಮನೆಯಲ್ಲಿ ಹಕ್ಕು ಕೊಡಿಸುತ್ತಾರೆ. ಪುರೋಹಿತರಿಲ್ಲ, ಹೋಮವಿಲ್ಲ; ನಡೆಯುವುದು ಹಕ್ಕಿನ ಹಸ್ತಾಂತರ. ಸುಪ್ರೀಂ ಕೋರ್ಟಿನಲ್ಲಿ ವಕೀಲರು ‘ಮದುವೆ ಎಂದರೆ ಹಕ್ಕುಗಳ ಒಂದು ಕಂತೆ’ ಎಂದು ಪುಟಗಟ್ಟಲೆ ವಾದಿಸಿದರು. ನಮ್ಮ ಅರುವರು ಅದನ್ನು ಹರಳಿನಲ್ಲಿ ಎಣಿಸಿ ಕೊಡುತ್ತ ಬಂದಿದ್ದಾರೆ.

ಪದ್ಧತಿ ಎಂದೂ ಬದಲಾಗಿಲ್ಲ ಎನ್ನುವವರಿಗೆ ಒಂದು ಮಾತು. ಗಂಡು ಸಂತಾನವಿಲ್ಲದ ಒಕ್ಕ ನಿಂತುಹೋಗಬಾರದೆಂದು, ಹುಟ್ಟುವ ಮಕ್ಕಳು ತಾಯಿಯ ಒಕ್ಕದ ಹೆಸರು ಪಡೆಯುವಂತೆ ‘ಒಕ್ಕ ಪರಿಜೆ’, ‘ಮಕ್ಕ ಪರಿಜೆ’ ಎಂಬ ಏರ್ಪಾಡುಗಳನ್ನು ಮಾಡಿಕೊಂಡ ಸಮಾಜ ಇದು. ಅಗತ್ಯ ಬಿದ್ದಾಗ ನಿಯಮ ಬಾಗಿದೆ. 2020ರಲ್ಲಿ ವಿದೇಶದಲ್ಲಿ ಇಬ್ಬರು ಗಂಡಸರು ಕೊಡವ ಉಡುಗೆಯಲ್ಲಿ ಮದುವೆಯಾದ ಫೋಟೋ ಹರಿದಾಡಿದಾಗ ಇಲ್ಲಿ ಎದ್ದ ಆಕ್ಷೇಪ ಹೆಚ್ಚಾಗಿ ಕುಪ್ಯ, ಚೇಲೆ, ಪೀಚೆಕತ್ತಿಯ ಬಗ್ಗೆಯೇ ಇತ್ತು. ಉಡುಗೆಯ ಮೇಲೆ ಸಮುದಾಯಕ್ಕೆ ಅಭಿಮಾನವಿರಲಿ, ತಪ್ಪಿಲ್ಲ. ಕಾನೂನಿನ ಕಣ್ಣಿಗೆ ಮಾತ್ರ ಯಾರು ಏನು ಉಟ್ಟು ಯಾರ ಪಕ್ಕ ಕೂತರು ಎಂಬುದು ಅಪರಾಧವೂ ಅಲ್ಲ, ಮದುವೆಯೂ ಅಲ್ಲ. ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಸಮುದಾಯದ ಪದ್ಧತಿಯಂತೆ ನಡೆದ ಶಾಸ್ತ್ರವನ್ನು ಮಾನ್ಯ ಮಾಡುತ್ತದೆ ನಿಜ; ಆದರೆ ಅದಕ್ಕೂ ಮೊದಲೇ 5ನೇ ಸೆಕ್ಷನ್ ವರ, ವಧು ಎಂಬ ಎರಡು ಪದಗಳನ್ನು ನೆಟ್ಟಿದೆ.

ಈಗ ತೀರ್ಪು. 2023ರ ಅಕ್ಟೋಬರ್ 17. ಒಟ್ಟು 366 ಪುಟ: ಚಂದ್ರಚೂಡ್ 247, ಸಂಜಯ್ ಕಿಶನ್ ಕೌಲ್ 17, ರವೀಂದ್ರ ಭಟ್ 89 (ಹಿಮಾ ಕೊಹ್ಲಿ ಪರವಾಗಿಯೂ), ಪಿ.ಎಸ್. ನರಸಿಂಹ 13. ದಪ್ಪ ನೋಡಿ ಮೋಸಹೋಗಬಾರದು. ಮೊದಲ 264 ಪುಟ ಅಲ್ಪಮತ. ಮುಖ್ಯ ನ್ಯಾಯಮೂರ್ತಿಯ ಬರಹವೆಂದು ಅದನ್ನೇ ಕೋರ್ಟಿನ ಮಾತು ಎಂದು ಹಂಚಿಕೊಂಡವರು ಬಹಳ. ಹಳ್ಳಿಯಲ್ಲಿ ಕೃಷಿ ಕೂಲಿ ಮಾಡುವ ಹೆಂಗಸೂ ಸಲಿಂಗಿಯಾಗಿರಬಹುದು, ಇದು ನಗರದ ಶೋಕಿಯಲ್ಲ ಎಂಬ ಮಾತು ಅಲ್ಲಿದೆ. ನಾಗರಿಕ ಒಕ್ಕೂಟದ ಹಕ್ಕು, ಜಂಟಿಯಾಗಿ ದತ್ತು ಪಡೆಯುವ ಹಕ್ಕು ಅಲ್ಲಿವೆ. ಆದರೆ ಜಾರಿಯಾಗುವುದು ಮೂವರ ಮಾತು.

ಐವರೂ ಒಪ್ಪಿದ್ದು ಮೂರು ವಿಷಯ. ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ. ವಿಶೇಷ ವಿವಾಹ ಕಾಯ್ದೆಯನ್ನು ಲಿಂಗಭೇದವಿಲ್ಲದೆ ಓದಲು ಕೋರ್ಟಿಗೆ ಬರುವುದಿಲ್ಲ. ಗಂಡು–ಹೆಣ್ಣು ಸಂಬಂಧದಲ್ಲಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಈಗಿನ ಕಾನೂನಿನಲ್ಲೇ ಮದುವೆಯಾಗಬಹುದು. ಮೂರನೆಯದಕ್ಕೆ ದಾರಿ ಮಾಡಿದ್ದು 2019ರ ಏಪ್ರಿಲ್ 22ರ ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ತೀರ್ಪು. ‘ವಧು’ ಎಂಬ ಪದದಲ್ಲಿ ಟ್ರಾನ್ಸ್ ಮಹಿಳೆಯೂ ಸೇರುತ್ತಾಳೆ ಎಂದು ಅದು ಹೇಳಿತ್ತು. ಕಚೇರಿಯ ಮಟ್ಟದಲ್ಲಿ ಇದು ಸಿಕ್ಕಿಬೀಳುವುದು ದಾಖಲೆಗಳ ಹೊಂದಾಣಿಕೆಯಲ್ಲಿ. ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಗುಮಾಸ್ತರು ಅರ್ಜಿಯನ್ನು ಪಕ್ಕಕ್ಕಿಡುತ್ತಾರೆ. ನೋಟಿಸ್ ಕೊಡುವ ಮುಂಚೆ ಎಲ್ಲ ಗುರುತಿನ ಪತ್ರಗಳಲ್ಲೂ ಹೆಸರು, ಲಿಂಗ ಒಂದೇ ಆಗಿರುವಂತೆ ನೋಡಿಕೊಳ್ಳಬೇಕು. ಆಮೇಲಿನ ಕ್ರಮ ಎಲ್ಲರಿಗೂ ಒಂದೇ: ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸ್ ಪ್ರಕಟವಾಗಿ 30 ದಿನ ತಕರಾರಿಗೆ ಕಾಯಬೇಕು, ಮೂವರು ಸಾಕ್ಷಿಗಳು ಬೇಕು, ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಹೊಸ ನೋಟಿಸ್. ಎಲ್ಲರಿಗೂ ಎಲ್ಲರೂ ಗೊತ್ತಿರುವ ಪೇಟೆಯಲ್ಲಿ ಆ 30 ದಿನದ ಪ್ರಕಟಣೆಯೇ ದೊಡ್ಡ ಅಡ್ಡಿ. ಅಂತರ್ಜಾತಿ, ಅಂತರ್ಧರ್ಮೀಯ ಜೋಡಿಗಳಿಗೆ ಇದು ಹಳೆಯ ನೋವು.

ಬಹುಮತದ ತೀರ್ಪು ಬಾಗಿಲು ಪೂರ್ತಿ ಮುಚ್ಚಿಲ್ಲ ಎಂಬುದನ್ನೂ ಗಮನಿಸಬೇಕು. ಕೂಡಿಬಾಳುವ ಹಕ್ಕಿದೆ, ಆ ಬಾಳಿಗೆ ಕಾನೂನಿನ ಮುದ್ರೆ ಒತ್ತಿ ಎಂದು ಸರ್ಕಾರವನ್ನು ಒತ್ತಾಯಿಸುವ ಹಕ್ಕಿಲ್ಲ, ಇದು ಅದರ ಸಾರ. ಮದುವೆಯ ಸುತ್ತ ಕಟ್ಟಿದ ಪಿಎಫ್, ಪಿಂಚಣಿ, ವಿಮೆಗಳಿಂದ ಇವರು ಹೊರಗುಳಿಯುವುದು ಪರೋಕ್ಷ ತಾರತಮ್ಯ ಎಂದು ನ್ಯಾಯಮೂರ್ತಿ ಭಟ್ ಒಪ್ಪಿಕೊಂಡಿದ್ದಾರೆ. ಗಾಯ ಇದೆ, ಮದ್ದು ನಮ್ಮಲ್ಲಿಲ್ಲ, ಸಂಪುಟ ಕಾರ್ಯದರ್ಶಿಯ ಸಮಿತಿಯಲ್ಲಿ ಕೇಳಿ ಎಂದಂತಾಯಿತು. ಸಮಿತಿ 2024ರ ಏಪ್ರಿಲ್‌ನಲ್ಲಿ ರಚನೆಯಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಎರಡು ಆದೇಶ ಹೊರಬಿದ್ದವು: ಪಡಿತರ ಚೀಟಿಗೆ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಬೇಕು; ಜಂಟಿ ಬ್ಯಾಂಕ್ ಖಾತೆ ತೆರೆಯಲು, ನಾಮಿನಿ ಮಾಡಲು ಅಡ್ಡಿಯಿಲ್ಲ. ಎರಡನೆಯದಕ್ಕೆ ಅಡ್ಡಿ ಮೊದಲೂ ಇರಲಿಲ್ಲ, ಯಾರು ಯಾರೊಂದಿಗೂ ಜಂಟಿ ಖಾತೆ ತೆರೆಯಬಹುದಿತ್ತು. ಕೌಂಟರಿನಲ್ಲಿ ಕೂತವರ ಹುಬ್ಬು ಇಳಿಸಲು ಆ ಸುತ್ತೋಲೆಯ ಪ್ರತಿ ಉಪಯೋಗಕ್ಕೆ ಬರುತ್ತದೆ, ಅಷ್ಟೇ.

ಮರುಪರಿಶೀಲನಾ ಅರ್ಜಿಗಳು 2025ರ ಜನವರಿ 9ರಂದು ವಜಾ ಆದವು. ತೆರೆದ ಕೋರ್ಟಿನಲ್ಲಿ ಅಲ್ಲ, ಕೋಣೆಯೊಳಗೆ, ಅದು ನಿಯಮದಂತೆಯೇ. ಹಳೆಯ ಐವರಲ್ಲಿ ಆ ಹೊತ್ತಿಗೆ ಪೀಠದಲ್ಲಿ ಉಳಿದಿದ್ದವರು ನರಸಿಂಹ ಒಬ್ಬರೇ. ಉಳಿದದ್ದು ಕೊನೆಯ ದಾರಿಯಾದ ಕ್ಯುರೇಟಿವ್ ಅರ್ಜಿ. ಅದು ಮೇಲ್ಮನವಿಯಲ್ಲ, ಸಹಜ ನ್ಯಾಯದ ಉಲ್ಲಂಘನೆಯಂಥ ಘೋರ ದೋಷ ತೋರಿಸಬೇಕು, ಹಿರಿಯ ವಕೀಲರೊಬ್ಬರು ಪ್ರಮಾಣೀಕರಿಸಬೇಕು. 377ರ ವಿಷಯದಲ್ಲಿ ಕ್ಯುರೇಟಿವ್ ಅರ್ಜಿ ತೆರೆದ ಕೋರ್ಟಿಗೆ ಬಂದ ಉದಾಹರಣೆ ಇದೆ. ಆದರೆ ಅಲ್ಲಿ ಜೈಲಿನ ಭಯವಿತ್ತು.

ಹಾಗಾಗಿ ಸದ್ಯಕ್ಕೆ ಮದುವೆಯೆಂಬ ಒಂದು ಕಾಗದದ ಬದಲು ಏಳೆಂಟು ಕಾಗದ ಮಾಡಿಕೊಳ್ಳಬೇಕು. ಒಂದೊಂದೂ ಎಲ್ಲೋ ಒಂದು ಕಡೆ ಹರಿಯುತ್ತದೆ. ಎಲ್ಲಿ ಎಂದು ಮೊದಲೇ ತಿಳಿದಿರಬೇಕು.

ಜಮೀನಿನಿಂದ ಶುರುಮಾಡೋಣ, ಕೊಡಗಿನಲ್ಲಿ ಎಲ್ಲವೂ ಅಲ್ಲಿಂದಲೇ. ವಿಲ್ ಬರೆಯದೆ ಸತ್ತ ಮದುವೆಯಾಗದ ಹಿಂದೂ ಗಂಡಸಿನ ಆಸ್ತಿ ಮೊದಲು ತಾಯಿಗೆ, ತಾಯಿ ಇಲ್ಲದಿದ್ದರೆ ತಂದೆಗೆ, ಆಮೇಲೆ ಒಡಹುಟ್ಟಿದವರಿಗೆ, ಹೀಗೆ ದೂರದ ನೆಂಟರವರೆಗೂ ಹೋಗುತ್ತದೆ. ಯಾರೂ ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 29ನೇ ಸೆಕ್ಷನ್‌ನಂತೆ ಸರ್ಕಾರಕ್ಕೆ. ಮೂವತ್ತು ವರ್ಷ ಜೊತೆಯಲ್ಲಿ ಬಾಳಿ ಮೆಣಸು ಕೊಯ್ದ ಸಂಗಾತಿ ಸರ್ಕಾರದ ಹಿಂದೆಯೂ ನಿಲ್ಲುವುದಿಲ್ಲ, ಸಾಲಿನಲ್ಲೇ ಇಲ್ಲ. ಆದ್ದರಿಂದ ವಿಲ್ ಬೇಕೇ ಬೇಕು. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸುವುದು ಜಾಣತನ. ಇಬ್ಬರು ಸಾಕ್ಷಿಗಳು, ಬರೆದವರ ಸಹಿ ಕಂಡು ತಾವೂ ಸಹಿ ಹಾಕಬೇಕು. ಮುಂದೆ ಜಗಳವಾದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ನುಡಿಯಬೇಕಾಗುತ್ತದೆ. ಎಂಬತ್ತರ ಅಜ್ಜನನ್ನೂ ಕೆನಡಾಕ್ಕೆ ಹೊರಟ ಹುಡುಗನನ್ನೂ ಸಾಕ್ಷಿ ಮಾಡಿಕೊಂಡರೆ ಆ ದಿನ ಇಬ್ಬರೂ ಸಿಗುವುದಿಲ್ಲ. ಸರ್ವೆ ನಂಬರು, ಎಕರೆ, ಸೆಂಟು ಪಹಣಿಯಲ್ಲಿ ಇದ್ದಂತೆಯೇ ನಮೂದಿಸಬೇಕು.

ಇಂಥ ವಿಲ್‌ಗಳು ಕೋರ್ಟಿನಲ್ಲಿ ಬೀಳುವುದು ಹೆಚ್ಚಾಗಿ ‘ಸಂಶಯಾಸ್ಪದ ಸನ್ನಿವೇಶ’ ಎಂಬ ಬಂಡೆಗೆ ಬಡಿದು. ಆ ತತ್ವದ ಮೂಲ ನಮ್ಮ ಹಳೆಯ ಮೈಸೂರಿನದೇ ಒಂದು ವ್ಯಾಜ್ಯ, 1959ರಲ್ಲಿ ವರದಿಯಾದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಪ್ರಕರಣ. ಲಾಭ ಪಡೆಯುವವರೇ ಮುಂದೆ ನಿಂತು ವಿಲ್ ಬರೆಸಿದ್ದರೆ, ರಕ್ತಸಂಬಂಧಿಗಳನ್ನು ಕಾರಣ ಹೇಳದೆ ಬಿಟ್ಟಿದ್ದರೆ, ಸಂಶಯ ನಿವಾರಿಸುವ ಹೊಣೆ ವಿಲ್ ತಂದವರ ಮೇಲೆಯೇ ಬೀಳುತ್ತದೆ. ಹೀಗಾಗಿ ಸಂಗಾತಿ ಅಂದು ವಕೀಲರ ಕಚೇರಿಗೂ ಹೋಗಬಾರದು, ನೋಂದಣಿ ಕಚೇರಿಗೂ ಹೋಗಬಾರದು, ಸಾಕ್ಷಿಯಂತೂ ಆಗಲೇಬಾರದು. ಅಣ್ಣತಮ್ಮಂದಿರಿಗೆ ಯಾಕೆ ಕೊಟ್ಟಿಲ್ಲ, ಇವರಿಗೆ ಯಾಕೆ ಕೊಟ್ಟೆ ಎಂದು ಎರಡು ಸಾಲು ವಿಲ್‌ನಲ್ಲೇ ಬರೆಯಬೇಕು. ಅದೇ ದಿನದ, ಮಾನಸಿಕ ಸ್ಥಿಮಿತ ಸರಿಯಿದೆ ಎಂಬ ವೈದ್ಯರ ಚೀಟಿ ಇದ್ದರೆ ಇನ್ನೂ ಒಳ್ಳೆಯದು. ಪ್ರೀತಿಯನ್ನು ಹೀಗೆ ಸಾಕ್ಷ್ಯದ ಭಾಷೆಯಲ್ಲಿ ಬರೆಯುವುದು ಕಹಿ. ಮದುವೆಯಾದ ಹೆಂಡತಿಗೆ ಬರೆದ ವಿಲ್‌ಗೆ ಈ ವಿವರಣೆಯ ಹಂಗು ಇಷ್ಟಿಲ್ಲ.

ಒಕ್ಕಕ್ಕೆ ತಲೆತಲಾಂತರದಿಂದ ಬಂದ ಜಮ್ಮಾ ಜಾಗದ ಕತೆ ಬೇರೆ. ಪಹಣಿಯಲ್ಲಿ ಒಕ್ಕದ ಮುಖ್ಯಸ್ಥರಾದ ಪಟ್ಟೇದಾರರ ಹೆಸರು ಮೊದಲು, ಉಳಿದ ಒಕ್ಕದವರದ್ದು ಜೊತೆಗೆ. ನೀವು ಇಪ್ಪತ್ತು ವರ್ಷದಿಂದ ಗೊಬ್ಬರ ಹಾಕಿದ ಎರಡೆಕರೆ ನಿಮ್ಮದೆಂದು ಊರಿಗೆಲ್ಲ ಗೊತ್ತಿದ್ದರೂ ಕಾಗದದಲ್ಲಿ ಅದು ಬಿಡಿಯಾಗಿಲ್ಲದಿರಬಹುದು. ಅಂಥ ಅವಿಭಜಿತ ಪಾಲನ್ನು ಒಕ್ಕದ ಹೊರಗಿನವರಿಗೆ ವಿಲ್ ಬರೆದರೆ ವ್ಯಾಜ್ಯ ಕಟ್ಟಿಟ್ಟದ್ದು. ಮೊದಲು ನೋಂದಾಯಿತ ಪಾಲುಪಟ್ಟಿ, ಅಳತೆ ಮಾಡಿ ಬೇರ್ಪಡಿಸುವ ಪೋಡಿ, ನಿಮ್ಮ ಹೆಸರಿಗೆ ಪ್ರತ್ಯೇಕ ಪಹಣಿ, ಆಮೇಲೆ ವಿಲ್. ಪಾಲು ಆಗುವ ಸ್ಥಿತಿಯಲ್ಲಿಲ್ಲದಿದ್ದರೆ ಸ್ವಯಾರ್ಜಿತವನ್ನಾದರೂ ಬೇರೆ ಮಾಡಿಟ್ಟುಕೊಳ್ಳಬೇಕು: ಕುಶಾಲನಗರದಲ್ಲಿ ಕೊಂಡ ಸೈಟು, ಠೇವಣಿ, ವಾಹನ. ಸಾವಿನ ನಂತರದ ಓಟವೂ ಇದೆ. ಬಂಧುಗಳು ವಂಶವೃಕ್ಷ ಹಿಡಿದು ನಾಡ ಕಚೇರಿಯಲ್ಲಿ ಪೌತಿ ಖಾತೆಗೆ (ಸತ್ತವರ ಖಾತೆ ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಹಾಕುತ್ತಾರೆ, ವಂಶವೃಕ್ಷದಲ್ಲಿ ಸಂಗಾತಿಗೆ ಕೊಂಬೆಯಿಲ್ಲ. ಗಡುವಿನೊಳಗೆ ವಿಲ್‌ನ ಪ್ರತಿಯೊಂದಿಗೆ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಖಾತೆ ಬದಲಾದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ, ಅದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು. ಆದರೆ ಅಷ್ಟರಲ್ಲಿ ಕಾಫಿ ಕೊಯ್ಲು ಯಾರದ್ದಾಗಿರುತ್ತದೆ?

ಬದುಕಿದ್ದಾಗಲೇ ದಾನಪತ್ರ ಮಾಡಿಕೊಡಬಹುದಲ್ಲ ಎಂದರೆ ಅಲ್ಲಿ ದುಡ್ಡಿನ ಏಟು. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ಕರ್ನಾಟಕದಲ್ಲಿ ದಾನಪತ್ರಕ್ಕೆ ನಿಗದಿತ ಸಣ್ಣ ಮುದ್ರಾಂಕ ಶುಲ್ಕ. ಹೊರಗಿನವರಿಗೆ ಮಾರಾಟಕ್ಕೆ ಇದ್ದಂತೆ ಮಾರ್ಗಸೂಚಿ ಬೆಲೆಯ ಶೇ 5, ಮೇಲೆ ಸೆಸ್ಸು, ನೋಂದಣಿ ಶುಲ್ಕ. ಪಡೆದವರಿಗೆ ಆದಾಯ ತೆರಿಗೆ ಬೇರೆ. ‘ಸಂಬಂಧಿ’ಯಲ್ಲದವರಿಂದ 50,000 ರೂಪಾಯಿಗಿಂತ ಹೆಚ್ಚಿನ ಉಡುಗೊರೆ ಬಂದರೆ ಅದು ಆದಾಯ. ವಿಲ್ ಮೂಲಕ ಬಂದದ್ದಕ್ಕೆ ಈ ತೆರಿಗೆ ಇಲ್ಲ. ಜಂಟಿಯಾಗಿ ಕೊಂಡರೂ ಒಂದು ಹಳ್ಳ ಇದೆ: ಒಬ್ಬರು ಸತ್ತರೆ ಇನ್ನರ್ಧ ತಾನಾಗಿ ಉಳಿದವರಿಗೆ ಬರುವುದಿಲ್ಲ, ಸತ್ತವರ ಬಂಧುಗಳಿಗೆ ಹೋಗುತ್ತದೆ. ಬ್ಯಾಂಕಿನ ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂಬ ಸೂತ್ರವನ್ನು ಜಮೀನಿಗೂ ಅನ್ವಯಿಸಿಕೊಂಡು ಕೈಸುಟ್ಟುಕೊಳ್ಳಬಾರದು.

ಮುಸ್ಲಿಮರಿಗೆ ಇನ್ನೂ ಇಕ್ಕಟ್ಟು. ವಾರಸುದಾರರು ಒಪ್ಪದಿದ್ದರೆ ವಿಲ್ ಬರೆಯಬಹುದಾದದ್ದು ಆಸ್ತಿಯ ಮೂರನೇ ಒಂದು ಭಾಗಕ್ಕೆ ಮಾತ್ರ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 21ನೇ ಸೆಕ್ಷನ್ ಆ ಮಿತಿಯನ್ನು ಕಳಚುತ್ತದೆ. ಯಾವ ಕಾಯ್ದೆ ಬಿಡುಗಡೆ ಕೊಡುತ್ತಿತ್ತೋ ಅದರ ಬಾಗಿಲೇ ಮುಚ್ಚಿದೆ.

ನಾಮಿನಿ ಎಂಬ ಪದ ಎಲ್ಲರನ್ನೂ ಮೋಸಗೊಳಿಸುತ್ತದೆ. ನಾಮಿನಿ ಹಣ ಪಡೆಯುವ ಕೈ ಅಷ್ಟೇ, ಒಡೆಯನಲ್ಲ. ವಿಮೆಯ ಬಗ್ಗೆ ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿತು, ಷೇರುಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಮತ್ತೆ ಹೇಳಿತು. 2015ರ ತಿದ್ದುಪಡಿ ವಿಮೆಯಲ್ಲಿ ಕೆಲವು ನಾಮಿನಿಗಳಿಗೆ ಹಣದ ಪೂರ್ತಿ ಹಕ್ಕು ಕೊಟ್ಟಿತು. ಅವರು ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು. ಸಂಗಾತಿ ಮತ್ತೆ ಹೊರಗೆ. ಹಾಗಾಗಿ ಠೇವಣಿಗೂ ಪಾಲಿಸಿಗೂ ನಾಮಿನಿ ಮಾಡಿದರೆ ಸಾಲದು, ವಿಲ್‌ನಲ್ಲೂ ಅವುಗಳ ಹೆಸರೆತ್ತಬೇಕು. ಪಿಎಫ್ ಇನ್ನೂ ಬಿಗಿ. ಸದಸ್ಯರಿಗೆ ‘ಕುಟುಂಬ’ ಇದ್ದರೆ ಹೊರಗಿನವರ ಹೆಸರಿನ ನಾಮನಿರ್ದೇಶನ ಊರ್ಜಿತವಲ್ಲ, ಅವಲಂಬಿತ ತಂದೆತಾಯಿ ಆ ಕುಟುಂಬದಲ್ಲಿ ಸೇರುತ್ತಾರೆ. ಗ್ರಾಚ್ಯುಟಿಯದ್ದೂ ಅದೇ ಜಾಡು. ತೋಟದ ಲೈನ್ ಮನೆಗಳ ಲೆಕ್ಕವನ್ನು ದಶಕಗಳ ಕಾಲ ನಿರ್ಧರಿಸಿದ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೂ ಮನೆ ಸಿಗುತ್ತಿದ್ದದ್ದು ಕಾರ್ಮಿಕರಿಗೆ ಮತ್ತು ಅವರ ‘ಕುಟುಂಬ’ಕ್ಕೆ, ಅದರ ವ್ಯಾಖ್ಯೆಯಲ್ಲಿ ಇಬ್ಬರು ಹೆಂಗಸರ ಸಂಸಾರ ಇರಲಿಲ್ಲ. ಒಂದೇ ಲೈನಿನಲ್ಲಿ ಇಬ್ಬರು ಹೆಂಗಸರು ಒಟ್ಟಿಗೆ ಇದ್ದರೆ ಯಾರೂ ಹುಬ್ಬೇರಿಸದೇ ಇರಬಹುದು. ಒಬ್ಬರು ಕೆಲಸ ಬಿಟ್ಟ ದಿನ ಇನ್ನೊಬ್ಬರ ಜಾಗದ ಪ್ರಶ್ನೆ ಏಳುತ್ತದೆ.

ಆಸ್ಪತ್ರೆಯ ವಿಷಯದಲ್ಲಿ ಬೆಟ್ಟದ ಜಿಲ್ಲೆಗೆ ತನ್ನದೇ ತೊಂದರೆ. ದೊಡ್ಡ ಅಪಘಾತ, ಪಾರ್ಶ್ವವಾಯು ಎಂದರೆ ಮೈಸೂರಿಗೋ ಮಂಗಳೂರಿಗೋ ಇಳಿಯಬೇಕು. ಅಲ್ಲಿನ ಕೌಂಟರಿನಲ್ಲಿ ನಿಮ್ಮನ್ನು ಬಲ್ಲವರಿಲ್ಲ. ವೈದ್ಯರ ವೃತ್ತಿ ನಿಯಮಾವಳಿಯ 7.16ನೇ ಅಂಶ ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ ಹೆಸರಿಸುವುದು ಗಂಡ ಅಥವಾ ಹೆಂಡತಿ, ಅಪ್ರಾಪ್ತರಾದರೆ ಪೋಷಕರು, ಇಲ್ಲವೇ ಸ್ವತಃ ರೋಗಿ. ಪವರ್ ಆಫ್ ಅಟಾರ್ನಿ ಮಾಡಿಟ್ಟಿದ್ದೇವೆ ಎಂದು ನಿಶ್ಚಿಂತರಾದವರು ತಿಳಿಯಬೇಕಾದದ್ದು: ಬರೆದುಕೊಟ್ಟವರ ಬುದ್ಧಿಸ್ಥಿಮಿತ ತಪ್ಪಿದರೆ ಆ ಪತ್ರವೂ ಬಿದ್ದುಹೋಗುತ್ತದೆ. ಬೇಕಾದ ಹೊತ್ತಿಗೇ ಕೈಕೊಡುವ ಕಾಗದ ಅದು. ಅದರ ಬದಲು ಎರಡು ದಾರಿ ಇವೆ. ಮಾನಸಿಕ ಆರೋಗ್ಯದ ಚಿಕಿತ್ಸೆಗೆ 2017ರ ಕಾಯ್ದೆಯ 14ನೇ ಸೆಕ್ಷನ್‌ನಡಿ ಬಿಳಿ ಹಾಳೆಯಲ್ಲಿ ಸಹಿ ಹಾಕಿ ಯಾರನ್ನು ಬೇಕಾದರೂ ಪ್ರತಿನಿಧಿಯಾಗಿ ಹೆಸರಿಸಬಹುದು, ರಕ್ತಸಂಬಂಧ ಬೇಡ. ಬದುಕಿನ ಕೊನೆಯ ಚಿಕಿತ್ಸೆಗೆ ಮುಂಗಡ ವೈದ್ಯಕೀಯ ನಿರ್ದೇಶನ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸರಳಗೊಳಿಸಿದ ಮೇಲೆ ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುದ್ರೆ ಸಾಕು. ಕರ್ನಾಟಕ 2025ರ ಜನವರಿ 30ರಂದು ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಅದರಲ್ಲಿ ಪೋಷಕರೆಂದು ಸಂಗಾತಿಯ ಹೆಸರು ಬರೆಯಿರಿ. ಒಂದು ಪ್ರತಿ ಪರ್ಸಿನಲ್ಲಿ, ಒಂದು ಫೋನಿನಲ್ಲಿ ಇರಲಿ, ಬೀರುವಿನೊಳಗಿನ ಮೂಲಪ್ರತಿ ರಾತ್ರಿ ಎರಡು ಗಂಟೆಗೆ ಹುಣಸೂರು ದಾಟುವಾಗ ಕೆಲಸಕ್ಕೆ ಬರುವುದಿಲ್ಲ. ಕಿಡ್ನಿ ಕೊಡುವುದಾದರೆ ಸಂಗಾತಿ ‘ಹತ್ತಿರದ ಸಂಬಂಧಿ’ಯಲ್ಲದ ಕಾರಣ ಅಧಿಕಾರ ಸಮಿತಿಯ ಅನುಮತಿ ಪಡೆಯಬೇಕು, ಸಮಯ ಹಿಡಿಯುತ್ತದೆ.

ವಿದೇಶದಲ್ಲಿ ಮದುವೆಯಾಗಿ ಬಂದವರ ಪ್ರಶ್ನೆಯನ್ನು ಬೇಗ ಮುಗಿಸಬಹುದು. ನೆದರ್‌ಲ್ಯಾಂಡ್ಸ್ 2001ರಲ್ಲಿ, ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರ ಜನವರಿ 23ರಿಂದ ಸಲಿಂಗ ಮದುವೆ ಮಾನ್ಯ ಮಾಡಿವೆ. ನೇಪಾಳದಲ್ಲಿ ಕೋರ್ಟಿನ ಮಧ್ಯಂತರ ಆದೇಶದ ಬಲದಿಂದ 2023ರ ನವೆಂಬರ್‌ನಲ್ಲಿ ಮೊದಲ ನೋಂದಣಿಯಾಯಿತು. ಅಲ್ಲಿನ ಪ್ರಮಾಣಪತ್ರ ಕೊಡಗಿನ ತಹಶೀಲ್ದಾರರ ಮುಂದೆ ಒಂದು ಚಂದದ ಕಾಗದ, ಅಷ್ಟೇ.

ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಪ್ರಸಂಗಗಳಲ್ಲಿ ಮಾತ್ರ ಕಾನೂನು ಈಗ ಸಾಕಷ್ಟು ಗಟ್ಟಿಯಾಗಿದೆ, ತಿಳಿದವರು ಕಡಿಮೆ. ಮಾಕುಟ್ಟ ದಾಟಿದರೆ ಕೇರಳ. ಅಲ್ಲಿಂದಲೇ ಬಂದ ದೇವು ಜಿ. ನಾಯರ್ ಪ್ರಕರಣದಲ್ಲಿ 2024ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್ ಎಲ್ಲ ಕೋರ್ಟುಗಳಿಗೂ ಸೂಚನೆ ಕೊಟ್ಟಿತು. ವಯಸ್ಕ ಮಗಳನ್ನೋ ಮಗನನ್ನೋ ಮನೆಯವರು ಕೂಡಿಹಾಕಿದ್ದಾರೆಂದು ಸಂಗಾತಿ ಅಥವಾ ಸ್ನೇಹಿತರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರೆ ನಿಮ್ಮಿಬ್ಬರ ಸಂಬಂಧ ಎಂಥದ್ದು ಎಂದು ಕೆದಕಬಾರದು. ಅರ್ಜಿಗೆ ಆದ್ಯತೆ ಕೊಡಬೇಕು. ಮನೆಯವರ ಒತ್ತಡವಿಲ್ಲದ ಕಡೆ ಆ ವ್ಯಕ್ತಿಯನ್ನು ಮಾತಾಡಿಸಬೇಕು. ಹಿಂದಿರುಗಲು ಇಷ್ಟವಿಲ್ಲ ಎಂದರೆ ತಡಮಾಡದೆ ಬಿಡುಗಡೆ. ಮನಸ್ಸು ‘ಸರಿಪಡಿಸುವ’ ಕೌನ್ಸೆಲಿಂಗಿಗೆ ಕಳಿಸುವಂತಿಲ್ಲ. ಮುಂಚೆ ಎಡವಟ್ಟಾಗುತ್ತಿದ್ದದ್ದು ಇಲ್ಲೇ: ಎರಡು ವಾರ ತಂದೆತಾಯಿಯ ಬಳಿಯೇ ಇರಲಿ, ಆಪ್ತಸಮಾಲೋಚನೆಯಾಗಲಿ ಎಂದು ಮುಂದೂಡಿದರೆ ಆ ಎರಡು ವಾರದಲ್ಲಿ ಹೇಳಿಕೆ ಬದಲಾಗುತ್ತಿತ್ತು. ಕೊಡಗಿನ ಇಂಥ ಅರ್ಜಿ ಹೋಗಬೇಕಾದದ್ದು 250 ಕಿಲೋಮೀಟರಿಗೂ ಆಚೆಯ ಬೆಂಗಳೂರಿನ ಹೈಕೋರ್ಟಿಗೆ. ದುಡ್ಡಿಲ್ಲದವರು 15100ಕ್ಕೆ ಕರೆ ಮಾಡಿ ಉಚಿತ ಕಾನೂನು ನೆರವು ಕೇಳಬಹುದು. ಹೆಂಗಸರಿಗೂ ಪರಿಶಿಷ್ಟರಿಗೂ ಆದಾಯದ ಮಿತಿ ಇಲ್ಲ. ಮನೆ ಬಿಡುವ ಮುಂಚೆ ವಯಸ್ಸಿನ ದಾಖಲೆ, ಆಧಾರ್, ಬ್ಯಾಂಕ್ ಪುಸ್ತಕ ಜೊತೆಯಲ್ಲಿರಲಿ. ಸ್ವಇಚ್ಛೆಯಿಂದ ಹೋಗುತ್ತಿದ್ದೇನೆ ಎಂಬ ಸಹಿ ಮಾಡಿದ ಪತ್ರ ಠಾಣೆಗೂ ಎಸ್‌ಪಿ ಕಚೇರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಿರಲಿ. ‘ಕಾಣೆಯಾಗಿದ್ದಾಳೆ’ ಎಂಬ ದೂರು ಅಪಹರಣದ ಕೇಸಾಗಿ ತಿರುಗದಂತೆ ಅದು ತಡೆಯುತ್ತದೆ. ಮನೆಯಿಂದ ತಂದ ಒಡವೆ ಜೊತೆಗಿದ್ದರೆ ಕಳ್ಳತನದ ದೂರಿಗೆ ದಾರಿ ಮಾಡಿಕೊಟ್ಟಂತೆ.

2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಇಂಥದ್ದೇ ಒಂದು ಅರ್ಜಿಯಲ್ಲಿ, 2023ರ ತೀರ್ಪು ಮದುವೆಯನ್ನು ಮಾನ್ಯ ಮಾಡದಿದ್ದರೂ ಇವರು ಕುಟುಂಬ ಕಟ್ಟಿಕೊಳ್ಳಬಹುದು, ಕುಟುಂಬಕ್ಕೆ ಮದುವೆಯೊಂದೇ ದಾರಿಯಲ್ಲ ಎಂದಿತು. ಅದೇ ಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ 2023ರಲ್ಲೇ, ಇಬ್ಬರು ವಯಸ್ಕರು ಮಾಡಿಕೊಳ್ಳುವ ‘ಕೌಟುಂಬಿಕ ಸಹಬಾಳ್ವೆಯ ಪತ್ರ’ವನ್ನು ನೋಂದಾಯಿಸುವ ವ್ಯವಸ್ಥೆ ತರಲು ತಮಿಳುನಾಡು ಸರ್ಕಾರಕ್ಕೆ ಸಲಹೆ ಕೊಟ್ಟಿದ್ದರು. ಸಾಮಾನ್ಯ ಒಪ್ಪಂದಪತ್ರವನ್ನು ಇಲ್ಲಿಯೂ ಇಬ್ಬರು ಬರೆದುಕೊಳ್ಳಬಹುದು: ಮನೆಖರ್ಚು, ಸಾಲ, ಬೇರೆಯಾದರೆ ಯಾವುದು ಯಾರಿಗೆ. ಆದರೆ ಅದು ಇಬ್ಬರನ್ನು ಮಾತ್ರ ಕಟ್ಟುತ್ತದೆ. ಬ್ಯಾಂಕು, ಆಸ್ಪತ್ರೆ, ಒಕ್ಕ ಯಾವುದನ್ನೂ ಕಟ್ಟುವುದಿಲ್ಲ.

ಕೋರ್ಟಿನ ಹೋರಾಟ ಈಗ ಸಣ್ಣ ಪದಗಳ ಕಡೆ ತಿರುಗಿದೆ. ಮುಂಬೈನ ಒಂದು ಜೋಡಿ 2025ರಲ್ಲಿ ಬಾಂಬೆ ಹೈಕೋರ್ಟಿಗೆ ಹೋದದ್ದು ಮದುವೆ ಕೇಳಲಿಕ್ಕಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 56(2)(ಎಕ್ಸ್) ಸೆಕ್ಷನ್‌ನಲ್ಲಿ ಉಡುಗೊರೆಗೆ ವಿನಾಯಿತಿ ಪಡೆಯುವ ‘ಸಂಬಂಧಿ’ಗಳ ಪಟ್ಟಿಯಲ್ಲಿ ತಾವು ಯಾಕಿಲ್ಲ ಎಂದು ಕೇಳಲು. ಕೋರ್ಟ್ ಅಟಾರ್ನಿ ಜನರಲ್ ಅವರಿಗೆ ನೋಟಿಸ್ ಕೊಟ್ಟಿದೆ. ದೆಹಲಿ ಹೈಕೋರ್ಟಿನ ಮುಂದೆ ಅದೇ ವರ್ಷ ಬಂದ ಅರ್ಜಿ, ಆಸ್ಪತ್ರೆಯಲ್ಲಿ ಸಂಗಾತಿ ಸಹಿ ಹಾಕಬಹುದೇ ಎಂಬ ಒಂದೇ ಪ್ರಶ್ನೆಯದ್ದು.